ಸಾಕುಮೀನುಗಳ ಕೊಳೆರೋಗಕ್ಕೆ ಔಷಧಿಯ ಸ್ನಾನ

ಕೊರವಂಗಲದ ಸುತ್ತಮುತ್ತಲೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಗಳಲ್ಲಿಯೂ ಕೆರೆಕಟ್ಟೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳನ್ನು ಸಾಕುವವರು ಮಳೆಗಾಲದಲ್ಲಿ ಮರಿಗಳನ್ನು ತಂದು ಬಿಡುವರಷ್ಟೆ. ಹೀಗೆ ಬಿಟ್ಟ ಮರಿಗಳು ಕೆಲವು ವೇಳೆ ವಾರ ತುಂಬುವುದರೊಳಗೆ ಬಾಲ ಕೊಳೆತು ಸಾಯುವುವು; ಹಣವೂ ಆ ವರ್ಷದ ಫಸಲೂ ಒಟ್ಟಿಗೆ ಹೋಗುವುದು. ಇದನ್ನು ಕೆರೆಯ ದೋಷವೆಂದು ಕೈಬಿಡತಕ್ಕದ್ದಲ್ಲ. ಬಲೆಗೆ ಉಜ್ಜಿ, ಚೀಲದಲ್ಲಿ ಇಕ್ಕಟ್ಟಾಗಿ ಬಂದ ಮೀನಿನ ಮೈಮೇಲಿನ ಲೋಳೆ ಕಳಚಿರುತ್ತದೆ. ನೀರಿನಲ್ಲಿ ಯಾವಾಗಲೂ ಇರುವ ಬ್ಯಾಕ್ಟೀರಿಯಗಳೆಂಬ ಅಣುಜೀವಿಗಳು ಆ ಗಾಯದ ಮೂಲಕ ಪ್ರವೇಶಿಸುವುವು.

ಬಾಲ ಮತ್ತು ರೆಕ್ಕೆಗಳ ಅಂಚು ಬೆಳ್ಳಗಾಗಿ ಹರಿಯುವುದು, ಮೈಮೇಲೆ ಬೂದು ಅಥವಾ ಹಳದಿ ಮಚ್ಚೆ ಕಾಣುವುದು, ಇವು ಮೊದಲ ಚಿಹ್ನೆಗಳು. ರೋಗವು ಹೊರಮೈಯಲ್ಲಿರುವಾಗ ಮಾತ್ರವೇ ಸ್ನಾನದಿಂದ ಗುಣವುಂಟು. ಹೊಟ್ಟೆ ಉಬ್ಬಿ, ಹುರುಪೆ ನಿಗುರಿ, ಕಣ್ಣು ಹೊರಚಾಚಿದ್ದರೆ ರೋಗವು ಒಳಗೆ ಸೇರಿತೆಂದು ತಿಳಿಯತಕ್ಕದ್ದು. ಅಂತಹ ಮೀನನ್ನು ತೊಟ್ಟಿಯಲ್ಲಿ ಅದ್ದುವುದು ವೃಥಾ ಶ್ರಮ. ಅದನ್ನು ತೆಗೆದು ಸುಣ್ಣ ಹಾಕಿ ಹೂಳಬೇಕು.

ಎಲ್ಲಕ್ಕಿಂತ ಸುಲಭವಾದುದು ಅಡಿಗೆ ಉಪ್ಪು. ಆ ಕೆರೆಯ ನೀರನ್ನೇ 100 ಲೀಟರು ಅಳೆದು ತೊಟ್ಟಿಗೆ ಹೊಯ್ದು, ಮರಿಗಳಿಗಾದರೆ 2 ಕಿಲೋ, ಬಲಿತ ಮೀನಿಗಾದರೆ 3 ಕಿಲೋ ಉಪ್ಪನ್ನು ಪೂರ್ತಿಯಾಗಿ ಕರಗಿಸಿ, 5 ನಿಮಿಷದವರೆಗೆ ಮೀನನ್ನು ಅದರಲ್ಲಿ ಬಿಡಬೇಕು. ಒಂದು ಮೀನು ಮಗ್ಗುಲಾದರೂ ಗಡಿಯಾರವನ್ನು ನೋಡದೆ ಎಲ್ಲವನ್ನೂ ಒಡನೆ ತೆಗೆದು ಒಳ್ಳೆಯ ನೀರಿಗೆ ಬಿಡಬೇಕು. ಮೊದಲು ಹತ್ತು ಮೀನುಗಳಲ್ಲಿ ಪರೀಕ್ಷಿಸುವುದು ಜಾಣತನ. ತಗಡಿನ ತೊಟ್ಟಿ ಬೇಡ. ಅದರ ಸತುವು ಮೀನಿಗೆ ವಿಷ.

ಎರಡನೆಯದು, ಹಿಂದೆ ಕಾಲರಾ ಕಾಲದಲ್ಲಿ ಬಾವಿಗಳಿಗೆ ಹಾಕುತ್ತಿದ್ದ ನೇರಳೆ ಹರಳು, ಎಂದರೆ ಪೊಟ್ಯಾಸಿಯಂ ಪರ್ಮಾಂಗನೇಟು. 100 ಲೀಟರಿಗೆ ಬೇಕಾದುದು ಅರ್ಧ ಗ್ರಾಂ ಮಾತ್ರ. ಇದು ಅಂಗಡಿಯ ತಕ್ಕಡಿಗೆ ಸಿಕ್ಕುವ ತೂಕವಲ್ಲ. ಆದುದರಿಂದ 5 ಗ್ರಾಂ ಹರಳನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿ, ಆ ದ್ರಾವಣದಿಂದ 100 ಮಿಲಿಲೀಟರನ್ನು ತೊಟ್ಟಿಗೆ ಹಾಕಿದರೆ ಪ್ರಮಾಣ ಸರಿಯಾಗುವುದು. ಸ್ನಾನದ ಅವಧಿ 5ರಿಂದ 10 ನಿಮಿಷ. ನೀರು ಕಂದು ಬಣ್ಣಕ್ಕೆ ತಿರುಗಿತೆಂದರೆ ಔಷಧಿಯ ಶಕ್ತಿ ತೀರಿತು. ರಾಡಿ ನೀರಿನಲ್ಲಿ ಇದು ಬೇಗ ಆಗುವುದು. ಕಣ್ಣಳತೆಯಿಂದ ಹಿಡಿಯಷ್ಟು ಹಾಕುವವರು ಕಿವಿರು ಸುಟ್ಟು ಮೀನನ್ನು ತಾವೇ ಕೊಂದಂತೆ.

ಅಡಿಕೆಯ ಕೊಳೆರೋಗಕ್ಕೆ ಮನೆಯಲ್ಲಿಟ್ಟ ಮೈಲುತುತ್ತವನ್ನು ಇದಕ್ಕೂ ಬಳಸೋಣವೆಂದು ಕೆಲವರಿಗೆ ತೋರಬಹುದು. ಸುಣ್ಣದ ಅಂಶ ಕಡಮೆಯಿರುವ ಮೆದು ನೀರಿನಲ್ಲಿ ಅದು ಬಹು ತೀಕ್ಷ್ಣ, ಬಳಸದಿರುವುದೇ ಲೇಸು. ಮನುಷ್ಯರ ಮಾತ್ರೆಗಳನ್ನು ನೀರಿಗೆ ಬೆರೆಸುವುದೂ ಕೂಡದು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಮೊದಲಾದವು ಆಹಾರದ ಮೀನಿಗೆ ನಿಷಿದ್ಧವಾಗಿವೆ.

ಸ್ನಾನವನ್ನು ಬೆಳಗಿನ ತಂಪಿನಲ್ಲಿ ಮಾಡಿಸಬೇಕು. ಉಳಿದ ನೀರನ್ನು ಕೆರೆಗಾಗಲಿ ಗದ್ದೆಗಾಗಲಿ ಬಿಡದೆ ಬೀಳುನೆಲದಲ್ಲಿ ಚೆಲ್ಲಿ, ಬಲೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಮತ್ತೊಂದು ಕೆರೆಗೆ ಒಯ್ಯತಕ್ಕದ್ದು.