ಮಾತನಾಡದ ಗಂಡನಿಗೊಂದು ಪತ್ರ

ಲಿನ್‌ವುಡ್, ವಾಷಿಂಗ್ಟನ್ ರಾಜ್ಯ



ಮದುವೆಯಾಗಿ ವರ್ಷಗಳು ಉರುಳಿದರೂ ಸಂತಾನವಾಗದ ಮನೆಯಲ್ಲಿ ಹೆಂಡತಿಯ ದುಃಖವನ್ನು ಕೇಳಲು ತಾಯಿಯೋ ಅಕ್ಕತಂಗಿಯರೋ ಯಾರಾದರೊಬ್ಬರು ಇರುತ್ತಾರೆ. ಗಂಡನ ದುಃಖವಾದರೋ, ಅಂಥದೊಂದು ಉಂಟೆಂದೇ ಯಾರೂ ಬಗೆಯದಿರುವುದರಿಂದ, ಆಫೀಸಿನ ಕೆಲಸದ ನೆವದಲ್ಲಿ ಅಡಗಿಕೊಂಡು, ಕ್ರಮೇಣ ಮೌನವಾಗಿ ಮನೆಯಲ್ಲಿ ನೆಲೆಸುತ್ತದೆ. ಈ ಸೀಮೆಯ ಕನ್ನಡಿಗರ ಸೀಮಂತದ ಊಟಗಳಲ್ಲಿ, ನಾಮಕರಣಗಳಲ್ಲಿ, “ಏನಪ್ಪಾ, ಇನ್ನೂ ಏನೂ ವಿಶೇಷವಿಲ್ಲವೆ?” ಎಂಬ ಪ್ರಶ್ನೆಗೆ ನಗುವೊಂದನ್ನೇ ಉತ್ತರವಾಗಿ ಕೊಟ್ಟು, ತಟ್ಟೆ ಹಿಡಿದು ಬೇರೊಂದು ಮೂಲೆಗೆ ಸರಿಯುವ ತರುಣರನ್ನು ನಾನು ಕಾಣುತ್ತಿದ್ದೇನೆ. ನಾನೂ ಆ ದಾರಿಯಲ್ಲಿ ನಡೆದು, ದತ್ತುಮಗಳ ತಂದೆಯಾಗಿ ವೃದ್ಧನಾದವನು. ನಿನ್ನ ಹೆಸರು ಹಿಡಿಯದೆ ಬರೆಯುತ್ತಿರುವುದು ನಿನ್ನಂಥ ಇತರರೂ ಇದನ್ನು ತಮಗೆ ಬರೆದುದೆಂದೇ ಓದಿಕೊಳ್ಳಲೆಂದು. ನನಗೆ ಹೇಳುವುದಕ್ಕಿರುವುದು ಇಷ್ಟು: ಆ ಮೌನವನ್ನು ಮುರಿಯಬೇಕಾದವನು ನೀನು.

ಮೊದಲಿಗೆ, ವೈದ್ಯರಲ್ಲಿಗೆ ಹೆಂಡತಿಯೊಬ್ಬಳನ್ನೇ ಕಳುಹಿಸಬೇಡ. ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತಿದ್ದರೂ, ಹೆಣ್ಣು ಸ್ಕ್ಯಾನು ಚುಚ್ಚುಮದ್ದುಗಳನ್ನೆಲ್ಲ ಸಹಿಸಿ, ಊರಿಗೆ ಹೋದಾಗ ಅಶ್ವತ್ಥಪ್ರದಕ್ಷಿಣೆ ನಾಗಪ್ರತಿಷ್ಠೆಗಳನ್ನೂ ಮುಗಿಸಿದ ಮೇಲಷ್ಟೆ, ಎಲ್ಲಕ್ಕಿಂತ ಸುಲಭವೂ ನೋವಿಲ್ಲದ್ದೂ ಆದ ವೀರ್ಯಪರೀಕ್ಷೆಗೆ ಗಂಡ ಒಪ್ಪುವುದು ಅನ್ಯಾಯವಲ್ಲವೆ? ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್‌ನಂಥ ಕಾರಣ ಕಂಡುಬಂದರೆ ಚಿಕಿತ್ಸೆಯುಂಟು. ವೀರ್ಯಾಣು ಹುಟ್ಟಿ ಪಕ್ವವಾಗಲು ಎರಡೂವರೆ ಮೂರು ತಿಂಗಳು ಹಿಡಿಯುವುದರಿಂದ ಅದರ ಫಲ ತಿಳಿಯಲು ಅಷ್ಟಾದರೂ ಕಾಯಬೇಕು. ಒಂದೇ ವೀರ್ಯಾಣುವನ್ನು ಅಂಡದೊಳಕ್ಕೆ ಸೇರಿಸುವ ಇಕ್ಸಿ ವಿಧಾನದಿಂದ ಮಕ್ಕಳು ಹುಟ್ಟಿದುದನ್ನು 1992ರಲ್ಲಿ ಬ್ರಸೆಲ್ಸಿನ ವೈದ್ಯರು ಪ್ರಕಟಿಸಿದ ಮೇಲೆ, ಆಸೆಯನ್ನೇ ಬಿಟ್ಟಿದ್ದ ಎಷ್ಟೋ ಗಂಡಸರು ತಂದೆಯರಾದರು. ಎಲ್ಲರಿಗೂ ಅದು ಫಲಿಸದು. ಚಿಕಿತ್ಸೆಯನ್ನು ಎಲ್ಲಿಗೆ ನಿಲ್ಲಿಸಬೇಕೆಂಬ ಮಾತನ್ನು ಮೊದಲು ಆಡುವ ಅಧಿಕಾರ ಮಾತ್ರ ಸೂಜಿ ಚುಚ್ಚಿಸಿಕೊಳ್ಳುವವಳದು.

ಕಾರಣ ನಿನ್ನಲ್ಲಿಯೇ ಇದೆಯೆಂದು ತಿಳಿದರೆ, ಅದನ್ನು ಊರಿನಲ್ಲಿರುವ ನಿನ್ನ ತಾಯಿಗೆ ನೀನೇ ಹೇಳು. ನೀನು ಹೇಳದೆ ಉಳಿದ ಒಂದೊಂದು ದಿನವೂ ಮಾಡದ ತಪ್ಪಿನ ಭಾರವನ್ನು ನಿನ್ನ ಹೆಂಡತಿ ಹೊರುತ್ತಾಳೆ. ಹೆಂಡತಿಯೊಬ್ಬಳೇ ಆ ಭಾರ ಹೊರದಂತೆ ನಿಂತ ಗಂಡನೊಬ್ಬರ ನೆನಪಾಗುತ್ತದೆ. ಮಕ್ಕಳಾಗದಿದ್ದ, ಮಾಗಡಿ ಸೀಮೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನಾಡೆಲ್ಲ ಬಲ್ಲುದು; ಆಕೆಯ ಗಂಡ ಚಿಕ್ಕಯ್ಯನವರನ್ನು ನೆನೆಯುವವರು ಕಡಮೆ. ಮಕ್ಕಳಿಲ್ಲದ ಗಂಡಸು ಇನ್ನೊಂದು ಮದುವೆಗೆ ಹೊರಟರೆ ಯಾರೂ ಆಶ್ಚರ್ಯಪಡದಿದ್ದ ಕಾಲದಲ್ಲಿ, ಕೂಲಿಯಿಂದ ಬದುಕುತ್ತಿದ್ದ ಅವರು, ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ಸುಮಾರು 4 ಕಿಲೋಮೀಟರು ದಾರಿಯುದ್ದಕ್ಕೂ ಹೆಂಡತಿಯೊಡನೆ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು, ಬೇಲಿ ಕಟ್ಟಿ ಬೆಳೆಸಿ, 1991ರಲ್ಲಿ ತೀರಿಕೊಂಡರು. 385 ಎಂದು ಎಣಿಸಲಾಗಿರುವ ಆ ಮರಗಳು ಮಕ್ಕಳಿಗೆ ಬದಲಿಯಾದುವೆಂದು ನಾನು ಹೇಳಲಾರೆ. ಊರೆಲ್ಲ ನೋಡುವ ಹಾದಿಯಲ್ಲಿ ಅವರು ತಮ್ಮ ಹೆಂಡತಿಯ ಪಕ್ಕದಲ್ಲಿ ನಿಂತದ್ದು ನನಗೆ ಮರಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ದತ್ತು. ನಮ್ಮ ಪರಂಪರೆಗೆ ಅದು ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರಿಗೇ 1881ರಲ್ಲಿ ಬ್ರಿಟಿಷರ ಕೈಯಿಂದ ಮೈಸೂರು ಮರಳಿತು. ಆದರೆ ಆ ದತ್ತಕ ವಂಶಕ್ಕಾಗಿ, ಪಿಂಡಕ್ಕಾಗಿ, ಸಿಂಹಾಸನಕ್ಕಾಗಿ ಆದುದು. ಶಾಸ್ತ್ರಪ್ರಕಾರ ದತ್ತಕಕ್ಕೆ ಯೋಗ್ಯನಾದವನು ಗಂಡುಮಗನೇ. 1956ರ ಹಿಂದೂ ದತ್ತಕ ಕಾನೂನು ಹೆಣ್ಣುಮಗುವಿಗೂ ಆ ಬಾಗಿಲನ್ನು ತೆರೆಯಿತು. ಮಗಳೊಬ್ಬಳ ತಂದೆಯಾದ ನಾನು ಅದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಅಷ್ಟಾದರೂ, ನೆಂಟರ ಮಗುವೊಂದನ್ನು ಆ ಕಾನೂನಿನಂತೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಬರೆಸಿ ಕರೆತರಬಹುದೆಂದು ಊರಿನವರು ಹೇಳಿದರೆ ಅವಸರಪಡಬೇಡ. ಅಂತರದೇಶೀಯ ದತ್ತಕವನ್ನು ಕುರಿತ 1993ರ ಹೇಗ್ ಒಪ್ಪಂದಕ್ಕೆ ಭಾರತ 2003ರಲ್ಲಿಯೂ ಅಮೆರಿಕ 2008ರಲ್ಲಿಯೂ ಒಳಪಟ್ಟಿರುವುದರಿಂದ, ಕೇಂದ್ರ ದತ್ತಕ ಪ್ರಾಧಿಕಾರವಾದ ಕಾರಾದ ಒಪ್ಪಿಗೆಯೂ ಇಲ್ಲಿನ ವಲಸೆ ಇಲಾಖೆಯ ಅನುಮತಿಯೂ ಇಲ್ಲದೆ ಮಗುವಿಗೆ ವೀಸಾ ದೊರೆಯದು. ಎರಡು ವರ್ಷದೊಳಗಿನ ಮಗುವಿಗೆ ದಂಪತಿಗಳ ವಯಸ್ಸು ಕೂಡಿ 85 ಮೀರಕೂಡದೆಂಬುದು ಕಾರಾದ ನಿಯಮ. ಚಿಕಿತ್ಸೆಯಲ್ಲಿಯೇ ವರ್ಷಗಳನ್ನು ಕಳೆಯುವವರು ಇದನ್ನು ಮರೆಯಬಾರದು.

ದತ್ತುವಿಗೆ ಮೊದಲು ನಡೆಯುವ ಮನೆಯ ಪರಿಶೀಲನೆಯಾದ ಹೋಮ್ ಸ್ಟಡಿಗೆಂದು ಬರುವ ಸಮಾಜಕಾರ್ಯಕರ್ತರು ತೆರಿಗೆಯ ಕಾಗದ ಬೆರಳಚ್ಚುಗಳಿಂದಲೇ ತೃಪ್ತರಾಗದೆ, ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೂರಿಸಿಕೊಂಡು, ಹುಟ್ಟದ ಮಗುವಿನ ದುಃಖ ನಿಮ್ಮಲ್ಲಿ ಎಷ್ಟು ಶಮನವಾಗಿದೆಯೆಂದು ಕೇಳುತ್ತಾರೆ. ಈ ಪ್ರಶ್ನೆಗೆ ಸಿಟ್ಟಾದ ಗಂಡಸರನ್ನು ಬಲ್ಲೆ. ಆದರೆ ಅದು ಮಗುವಿನ ಪರವಾಗಿ ಕೇಳಿದ ಪ್ರಶ್ನೆ. ತನ್ನ ರಕ್ತದ ಮಗುವಿಗಾಗಿ ಒಳಗೊಳಗೇ ಹಂಬಲಿಸುತ್ತಿರುವವನು ಬಂದ ಮಗುವಿನ ಮುಖದಲ್ಲಿ ಬಾರದ ಮಗುವನ್ನು ಹುಡುಕುತ್ತಾನೆ. ಎಳೆಯ ಜೀವಕ್ಕೆ ಅದಕ್ಕಿಂತ ದೊಡ್ಡ ಹೊರೆ ಯಾವುದು? ಅತ್ತು ಮುಗಿಸು, ಬೇಕಾದರೆ ವರ್ಷ ಕಾದು ಆಮೇಲೆ ಅರ್ಜಿ ಹಾಕು.

ಈ ಸೀಮೆಯಲ್ಲಿ ನಿನಗೊಂದು ಮೇಲ್ಪಂಕ್ತಿಯೂ ಉಂಟು. ಲಿನ್‌ವುಡ್ಡಿನ ಭಾಗವನ್ನೂ ಒಳಗೊಂಡ 21ನೆಯ ಕ್ಷೇತ್ರದಿಂದ ರಾಜ್ಯದ ಸೆನೆಟ್ಟಿನಲ್ಲಿ 2014ರವರೆಗೆ ಇದ್ದ ಪಾಲ್ ಶಿನ್ ಅವರು ಕೊರಿಯಾದ ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರ ಊಳಿಗದ ಹುಡುಗನಾಗಿದ್ದ ಅನಾಥರು. ಸೇನೆಯ ದಂತವೈದ್ಯರೊಬ್ಬರು ಹದಿಹರೆಯದ ಆ ಹುಡುಗನನ್ನು ಮಗನನ್ನಾಗಿ ಸ್ವೀಕರಿಸಿದರು. ತಂದೆಯ ಮನೆತನದ ಹೆಸರನ್ನೇ ಮುಂದಿಟ್ಟುಕೊಂಡು ಹುಟ್ಟಿನ ಹೆಸರನ್ನೂ ಬಿಡದೆ ಬಾಳಿದ ಅವರು, ಮುಂದೆ ಕೊರಿಯಾದ ಇಬ್ಬರು ಮಕ್ಕಳಿಗೆ ತಾವೇ ದತ್ತುತಂದೆಯಾದರು.

ಎರಡು ಹೆಸರುಗಳನ್ನೂ ಹೊರಲು ಮಗುವಿಗೆ ಅವಕಾಶ ಕೊಡು. ತಾನು ಬಂದ ಬಗೆಯನ್ನು ಅದು ಮಾತು ಕಲಿಯುವಾಗಲೇ ನಿನ್ನ ಬಾಯಿಂದ ಕೇಳಲಿ. ಮದುವೆಮನೆಯಲ್ಲಿ ಯಾರೋ ಪಿಸುಗುಟ್ಟಿದ್ದರಿಂದ ತಿಳಿಯುವಂತಾಗಬಾರದು. ಮೈಬಣ್ಣವನ್ನೂ ಜಾತಿಯನ್ನೂ ಕೇಳುವ ನೆಂಟರಿಗೆ ಉತ್ತರಿಸುವ ಹೊಣೆ ನಿನ್ನದು, ಹೆಂಡತಿಯದಲ್ಲ. ಮಗು ಬಂದ ಸಂಸ್ಥೆಯ ಹೆಸರು, ದತ್ತಕದ ಆದೇಶದ ಪ್ರತಿ, ಮೊದಲ ಭಾವಚಿತ್ರ ಎಲ್ಲವನ್ನೂ ಮಗುವಿನ ಸ್ವತ್ತೆಂದು ತಿಳಿದು ಜೋಪಾನಮಾಡು. ಈ ರಾಜ್ಯದಲ್ಲಿಯೇ ಹುಟ್ಟಿ ದತ್ತು ಹೋದವರು 18 ತುಂಬಿದ ಮೇಲೆ ತಮ್ಮ ಮೂಲ ಜನನಪತ್ರವನ್ನು ಕೇಳಬಹುದೆಂಬ ಕಾನೂನು 2014ರಿಂದ ಜಾರಿಯಲ್ಲಿದೆ.

ನಮ್ಮ ದತ್ತಕದ ಕಾಗದಗಳ ಕಟ್ಟನ್ನು ನೋಡಬೇಕೆನಿಸಿದರೆ ಇಬ್ಬರೂ ಒಂದು ಭಾನುವಾರ ಊಟಕ್ಕೆ ಬನ್ನಿ. ಮಗಳೂ ಇರುತ್ತಾಳೆ, ನನ್ನಿಂದ ಉತ್ತರಿಸಲಾಗದ ಪ್ರಶ್ನೆಗಳನ್ನು ಅವಳನ್ನು ಕೇಳಬಹುದು, ಅವಳು ಒಪ್ಪಿದ್ದಾಳೆ.

ಇತಿ,
ನಿನ್ನ ಹಿತೈಷಿ