ತಂಡದಲ್ಲಿ ಪ್ರಶ್ನೆ ಕೇಳುವ ಮಗುವೂ ಬೇಕು

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆಯಿಂದ ಬ್ರಿಟನ್ನಿಗೆ ಬಂದ ಮನೆಗಳಿಗೆ ಭಾಷಣ ಸ್ಪರ್ಧೆ ಹೊಸದೇನಲ್ಲ. ‘ಮಾನ್ಯ ತೀರ್ಪುಗಾರರೇ, ಗುರುವೃಂದವೇ, ನನ್ನ ನೆಚ್ಚಿನ ಸಹಪಾಠಿಗಳೇ’ ಎಂದು ಶುರುಮಾಡಿ, ಗಂಟೆ ಬಾರಿಸುವುದರೊಳಗೆ ‘ಜೈ ಹಿಂದ್, ಜೈ ಕರ್ನಾಟಕ’ ಮುಟ್ಟುವ ಮಕ್ಕಳು ನಮ್ಮವು. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಹಂತ ದಾಟಿ ಮೇಲೆ ಹೋದವರೂ ಇದ್ದಾರು. ಬಾಯಿಪಾಠ, ಧೈರ್ಯ, ಗಟ್ಟಿ ದನಿ ಎಲ್ಲವೂ ಇದೆ. ಇಲ್ಲಿನ ತಂಡದ ಸ್ಪರ್ಧೆಗೆ ಅಷ್ಟೇ ಸಾಲದು.

ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ ಎಂಬ 1918ರ ಸಂಸ್ಥೆ ಪ್ರೌಢಶಾಲೆಯ ಮಕ್ಕಳಿಗೆ ನಡೆಸುವ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ತಂಡಕ್ಕೆ ಮೂವರು: ಒಬ್ಬರದು ಭಾಷಣ, ಒಬ್ಬರದು ಪ್ರಶ್ನೆ, ಒಬ್ಬರದು ಅಧ್ಯಕ್ಷತೆ. ನಿಮ್ಮ ಮಗ ಭಾಷಣ ಮಾಡಿದಾಗ ಪ್ರಶ್ನೆ ಕೇಳುವುದು ಅವನ ಜೊತೆಗಾರರಲ್ಲ, ಬೇರೆ ಶಾಲೆಯವರು. ಹಾಗಾಗಿ ಮೊದಲೇ ಮಾತಾಡಿಕೊಂಡು ಬರುವ ನಮ್ಮ ಜಾಣತನ ಇಲ್ಲಿ ನಡೆಯುವುದಿಲ್ಲ.

ಶಾಲಾ ವಾರ್ಷಿಕೋತ್ಸವದ ನಿರೂಪಣೆ ಮಾಡಿದ ಮಗುವಿಗೆ ಅಧ್ಯಕ್ಷತೆ ಬೇಗ ಕೈಹತ್ತುತ್ತದೆ. ಕಷ್ಟವಿರುವುದು ಪ್ರಶ್ನೆಯಲ್ಲಿ. ‘ದೊಡ್ಡವರಿಗೆ ಎದುರು ಮಾತಾಡಬೇಡ’ ಎಂದು ಹತ್ತು ವರ್ಷ ಗದರಿಸಿ, ಈಗ ಏಕಾಏಕಿ ‘ಕೇಳು, ಕೇಳು’ ಎಂದರೆ ಮಗು ತಾನೇ ಏನು ಮಾಡೀತು? ನಮ್ಮ ಊರಿನಲ್ಲಿ ಪ್ರಶ್ನೆಗೆ ಬರವಿತ್ತು ಎಂದಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೇ ಪರೀಕ್ಷೆಗೆ ಒಡ್ಡಲು ಸಮಿತಿ ಮಾಡಿದವರು. ಎಚ್ಚೆನ್ ಅವರ ಹೆಸರು ಹೇಳಿ ಹೆಮ್ಮೆಪಡುವ ನಾವು, ಮನೆಯಲ್ಲಿ ಮಗು ಎರಡನೇ ಸಲ ‘ಯಾಕೆ’ ಎಂದರೆ ಸಿಡುಕುತ್ತೇವೆ.

ಅಭ್ಯಾಸಕ್ಕೆ ಊಟದ ಮೇಜೇ ಸಾಕು. ನೀವು ಮೂರು ನಿಮಿಷ ಮಾತಾಡಿ. ‘ಜಯನಗರ 4ನೇ ಬ್ಲಾಕಿನ ಫುಟ್‌ಪಾತ್ ಅಂಗಡಿಗಳನ್ನು ತೆರವು ಮಾಡಬೇಕು’ ಅನ್ನುವಂಥ ವಿಷಯವಿರಲಿ. ಮಗು ಕೇಳುತ್ತದೆ: ‘ಅವರೆಲ್ಲ ಎಲ್ಲಿಗೆ ಹೋಗ್ಬೇಕು?’ ನೀವು ‘ಬೇರೆ ಜಾಗ ಕೊಡಬಹುದು’ ಎನ್ನುತ್ತೀರಿ. ಆಗ ಅದರ ಕಣ್ಣು ಚೀಟಿಯ ಕಡೆಗೆ, ಬರೆದಿಟ್ಟುಕೊಂಡ ಎರಡನೇ ಪ್ರಶ್ನೆಗೆ ಇಳಿಯುತ್ತದೆ. ಅಲ್ಲೇ ತಡೆಯಿರಿ, ಚೀಟಿ ತೆಗೆದಿಡಿ. ‘ಬೇರೆ ಜಾಗಕ್ಕೆ ಗಿರಾಕಿ ಬರ್ತಾರಾ ಅಪ್ಪ?’ ಎಂಬುದು ನಿಮ್ಮ ಉತ್ತರದಿಂದಲೇ ಹುಟ್ಟುವ ಪ್ರಶ್ನೆ. ಅದು ಬರುವವರೆಗೂ ಕಾಯಿರಿ. ಇದನ್ನೆಲ್ಲ ಕನ್ನಡದಲ್ಲೇ ಮಾಡಿಸಿ. ಕಿವಿಗೊಟ್ಟು ಕೇಳುವುದು ಕನ್ನಡದಲ್ಲಿ ಬಂದರೆ ಇಂಗ್ಲಿಷಿನಲ್ಲೂ ಬರುತ್ತದೆ. ಉಚ್ಚಾರಣೆಯ ಚಿಂತೆ ಬೇಡ, ಮಾತು ನಿಧಾನವಾಗಿ, ಸ್ಪಷ್ಟವಾಗಿದ್ದರಾಯಿತು.

ಭಾಷಣವನ್ನು ಮಾತ್ರ ನೀವು ಬರೆದುಕೊಡಬೇಡಿ. ಅಪ್ಪ ಬರೆದ ಭಾಷಣ ಮೊದಲ ಪ್ರಶ್ನೆಗೇ ಕೈಕೊಡುತ್ತದೆ. ವಿಷಯವನ್ನು ಮಗುವೇ ಆರಿಸಲಿ. ಐದಾರು ಅಂಶ ಗುರುತು ಹಾಕಿಕೊಂಡು ಪ್ರತಿ ಸಲ ಬೇರೆ ಬೇರೆ ವಾಕ್ಯಗಳಲ್ಲಿ ಹೇಳಲಿ.

ಸ್ಪರ್ಧೆಗೆ ಹೆಸರು ಕೊಡುವುದು ಶಾಲೆ, ಪೋಷಕರಲ್ಲ. ಆದ್ದರಿಂದ ಶಾಲೆ ಶುರುವಾದ ಹೊಸದರಲ್ಲೇ ಇಂಗ್ಲಿಷ್ ಶಿಕ್ಷಕರನ್ನು ವಿಚಾರಿಸಿ. ಶಾಲೆ ಭಾಗವಹಿಸದಿದ್ದರೆ, ಅದೇ ಶಾಲೆಯಲ್ಲಿ ಇಂಥ ಆಸಕ್ತಿಯ ಇನ್ನಿಬ್ಬರು ಮಕ್ಕಳನ್ನು ಜೊತೆಮಾಡಿಕೊಂಡು ಶಿಕ್ಷಕರನ್ನು ಕೇಳಿಕೊಂಡರೆ ಕೆಲಸ ಸಲೀಸು. ಇಲ್ಲಿನ ನಮ್ಮ ಕನ್ನಡ ಕೂಟದ ಭಾಷಾ ತರಗತಿಗೆ ನಾನಾ ಶಾಲೆಗಳ ಮಕ್ಕಳು ಬರುತ್ತಾರಲ್ಲ, ಪಾಠ ಮುಗಿದ ಮೇಲೆ ಅರ್ಧ ಗಂಟೆ ಅವರನ್ನು ಅದಲುಬದಲು ಮಾಡಿ ಕೂರಿಸಿ. ಅಪರಿಚಿತರ ಭಾಷಣಕ್ಕೆ ಪ್ರಶ್ನೆ ಹಾಕುವ ಅಭ್ಯಾಸ ಮನೆಗಿಂತ ಅಲ್ಲಿ ಚೆನ್ನಾಗಿ ಆಗುತ್ತದೆ.