ಹೊಸ ಪುಸ್ತಕವನ್ನು ಹಿಂದಿನಿಂದ ತೆರೆ

ಕಾದಂಬರಿ ಸಾಕಾಗಿದೆ, ಲೋಕದ ಸಂಗತಿ ತಿಳಿಸುವ ಹೊಸ ಪುಸ್ತಕ ಯಾವುದಾದರೂ ಹೇಳಿ ಅಂತ ಕೇಳಿದೆಯಲ್ಲ ಮಗಳೇ, ಹೇಳುತ್ತೇನೆ. ಆದರೆ ಹೆಸರು ಹೇಳುವ ಮೊದಲು ಒಂದು ಮಾತು. ಅಂಗಡಿಯಲ್ಲಿ ಇಂಥ ಪುಸ್ತಕ ಕೈಗೆತ್ತಿಕೊಂಡಾಗ ಮುಖಪುಟ ನೋಡಬೇಡ, ಬೆನ್ನುಪುಟದ ಹೊಗಳಿಕೆಯನ್ನಂತೂ ಓದಲೇಬೇಡ. ಸೀದಾ ಕೊನೆಯ ಪುಟಗಳಿಗೆ ಹೋಗು. ಟಿಪ್ಪಣಿ ಇದೆಯೇ? ಪದಸೂಚಿ ಇದೆಯೇ? ತನಗೆ ಈ ವಿಷಯ ಹೇಗೆ ಗೊತ್ತಾಯಿತು ಅಂತ ಲೇಖಕ ಲೆಕ್ಕ ಒಪ್ಪಿಸುವ ಜಾಗ ಅದು. ನಮ್ಮ ಕನ್ನಡ ಪ್ರಕಾಶಕರು ಪದಸೂಚಿಗೆ ಪುಟ ಖರ್ಚು ಮಾಡಲು ಇವತ್ತಿಗೂ ಹಿಂದೆಮುಂದೆ ನೋಡುತ್ತಾರೆ. ಅದು ನನಗೆ ಹಳೆಯ ಸಿಟ್ಟು.

ಮೊದಲು ಟೋನಿ ಜೋಸೆಫ್ ಅವರ 'ಅರ್ಲಿ ಇಂಡಿಯನ್ಸ್' ಓದು. 2018ರದ್ದು. ನಾವೆಲ್ಲ ಎಲ್ಲಿಂದ ಬಂದೆವು ಅನ್ನುವ ಜಗಳಕ್ಕೆ ಅವರು ಹಳೆಯ ಮೂಳೆಗಳಲ್ಲಿನ ಡಿಎನ್‌ಎಯನ್ನು ಸಾಕ್ಷಿಗೆ ಕರೆಯುತ್ತಾರೆ. ಒಳಗಿವಿಯನ್ನು ಸುತ್ತುವರಿದ ಮೂಳೆ ಬಲು ಗಟ್ಟಿ. ಸಾವಿರಾರು ವರ್ಷದ ನಂತರವೂ ಡಿಎನ್‌ಎ ಅಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಆದರೆ ನಮ್ಮ ದೇಶದ ಬಿಸಿಲು ಅದನ್ನೂ ಬಿಡುವುದಿಲ್ಲ. ಸಿಂಧೂ ನಾಗರಿಕತೆಯ ನೆಲೆಯಾದ ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದರೂ ಓದಲು ಸಿಕ್ಕಿದ್ದು ಒಂದೇ ಅಸ್ಥಿಪಂಜರದ್ದು. ಆ ಸಂಶೋಧನೆ ಅಚ್ಚಾದದ್ದು 2019ರಲ್ಲಿ, ಪುಸ್ತಕ ಹೊರಬಂದ ಮೇಲೆ! ಅದಕ್ಕೇ ಪುಸ್ತಕ ಯಾವ ವರ್ಷದ್ದು ಅಂತ ನೋಡಿಕೊಂಡೇ ಓದು. ಆಮೇಲೆ ಏನಾಯಿತು ಅಂತ ಹುಡುಕುವುದೂ ಓದಿನ ಭಾಗವೇ.

ಪ್ರಾಣಿ-ಪಕ್ಷಿ ಇಷ್ಟವಾದರೆ ಎಡ್ ಯಾಂಗ್ ಅವರ 'ಆ್ಯನ್ ಇಮ್ಮೆನ್ಸ್ ವರ್ಲ್ಡ್' (2022) ಹಿಡಿ. ನಾಯಿ ಉಸಿರು ಬಿಡುವಾಗ ಗಾಳಿ ಮೂಗಿನ ಪಕ್ಕದ ಸೀಳುಗಳಿಂದ ಹೊರಹೋಗುತ್ತದೆ, ಅದರಿಂದಲೇ ಹೊಸ ವಾಸನೆ ಒಳಗೆ ಸೆಳೆದುಕೊಳ್ಳಲು ಅನುಕೂಲವಾಗುತ್ತದೆ ಅಂತ ಓದಿದ ಮೇಲೆ, ಕಂಬದ ಹತ್ತಿರ ನಿಂತ ನಾಯಿಯ ಬೆಲ್ಟನ್ನು ನೀನು ಎಳೆಯುವುದಿಲ್ಲ. ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಅವರ 'ವೈ ವಿ ಡೈ' (2024) ಸ್ವಲ್ಪ ಕಷ್ಟ, ನಿಧಾನ ಓದು. ಮುಪ್ಪನ್ನೇ ತಡೆಯುತ್ತೇವೆ ಅನ್ನುವವರ ಮಾತನ್ನು ಅವರು ತೂಗಿ ನೋಡುವ ರೀತಿಗಾಗಿಯಾದರೂ ಓದು.

ಇನ್ನು, ದೊಡ್ಡ ಹೆಸರು ಕಂಡ ತಕ್ಷಣ ಕೈಮುಗಿಯಬೇಡ. ಡೇನಿಯಲ್ ಕಾನೆಮನ್ ಕೂಡ ನೊಬೆಲ್ ಪಡೆದವರೇ. ಅವರ 'ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ' 2011ರಲ್ಲಿ ಬಂತು, ಲಕ್ಷಾಂತರ ಜನ ಓದಿದರು. ಅದರ ಒಂದು ಅಧ್ಯಾಯ, ಕಣ್ಣಿಗೆ ಬಿದ್ದ ಒಂದು ಪದವೇ ನಮ್ಮ ನಡವಳಿಕೆಯನ್ನು ನಮಗರಿವಿಲ್ಲದೆ ಬದಲಿಸುತ್ತದೆ ಅನ್ನುವ ಪ್ರಯೋಗಗಳ ಮೇಲೆ ನಿಂತಿತ್ತು. ಆ ಪ್ರಯೋಗಗಳಲ್ಲಿ ಕೆಲವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಸಿಗಲಿಲ್ಲ. ತೀರಾ ಕಡಿಮೆ ಜನರ ಮೇಲೆ ನಡೆದ ಅಧ್ಯಯನಗಳನ್ನು ಅತಿಯಾಗಿ ನಂಬಿದೆ ಎಂದು ಕಾನೆಮನ್ 2017ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು. ಆ ಪುಸ್ತಕವನ್ನು ಈಗಲೂ ಓದಬಹುದು, ಆ ಅಧ್ಯಾಯವನ್ನು ಮಾತ್ರ ಪೆನ್ಸಿಲ್ ಹಿಡಿದು ಓದು.

ಹಿಡಿದ ಪುಸ್ತಕವನ್ನೆಲ್ಲ ಮುಗಿಸಲೇಬೇಕು ಅನ್ನುವ ಹಟವೂ ಬೇಡ. ಒಂದು ಲೇಖನಕ್ಕೆ ಸಾಕಾಗುವ ವಿಷಯವನ್ನು ಮುನ್ನೂರು ಪುಟಕ್ಕೆ ಎಳೆಯುವವರು ಈಗ ಬಹಳ. ಐವತ್ತು ಪುಟಕ್ಕೇ ಗೊತ್ತಾಗಿಬಿಡುತ್ತದೆ, ಮುಚ್ಚಿಡು.

ಇಂಗ್ಲಿಷಿನದೇ ಹೆಸರು ಹೇಳಿದೆ ಅಂತ ಮೂಗು ಮುರಿಯಬೇಡ. ಬಿ.ಜಿ.ಎಲ್. ಸ್ವಾಮಿಯವರ 'ಹಸಿರು ಹೊನ್ನು' ಹೊಸದಲ್ಲ, 1978ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುತ್ತ, ನಗಿಸುತ್ತಲೇ ಸಸ್ಯಶಾಸ್ತ್ರ ಹೇಳಿದ ಪುಸ್ತಕ ಅದು. ಮೇಲಿನವು ರುಚಿಸಿದವೋ ಇಲ್ಲವೋ ಅಂತ ಅಳೆಯಲು ಇದನ್ನೇ ಪಕ್ಕದಲ್ಲಿಟ್ಟುಕೋ. ದುಡ್ಡು ಹೊಂದದಿದ್ದರೆ ಮೊದಲು ಊರಿನ ಗ್ರಂಥಾಲಯದಲ್ಲಿ ವಿಚಾರಿಸು. ಇಲ್ಲ ಅಂದರೆ ತರಿಸಿಕೊಡಿ ಅಂತ ಬರೆದುಕೊಟ್ಟು ಬಾ.